ಮಾವನ ಪಾಳಿ

ನಮ್ಮ ಸೋದರಮಾವ ಯಮ ಬಂದರೂ "ಪಾಳಿಗೆ ನಿಂದ್ರಪಾ" ಎನ್ನುವ ಆಸಾಮಿ ಎಂದು ನಾವೆಲ್ಲ ನಗುತ್ತಿದ್ದೆವು. ನಗುವುದನ್ನು ಬಿಟ್ಟು ಆರು ತಿಂಗಳಾಯಿತು.

ಕೊಟ್ಟೂರಿನ ನಮ್ಮ ಓಣಿಯ ಕುಡಿಯುವ ನೀರಿನ ಘಟಕದ ಮುಂದೆ ಜನ ನಿಲ್ಲುವುದಿಲ್ಲ, ಕ್ಯಾನುಗಳು ನಿಲ್ಲುತ್ತವೆ. ಇಟ್ಟವರು ಮನೆಗೆ ಹೋಗಿ ರೊಟ್ಟಿ ಬಡಿದು, ಪಾಳಿ ಹತ್ತಿರವಾದಾಗ ಬರುತ್ತಾರೆ. ಮಾವ ಮಾತ್ರ ಅಲ್ಲೇ ನಿಂತು ಓಣಿಯ ಖಾಲಿ ಕ್ಯಾನುಗಳಿಗೆಲ್ಲ ವಕೀಲನಾಗುತ್ತಿದ್ದ. ಯಾರಾದರೂ ಒಂದನ್ನು ಕಾಲಿನಿಂದ ಹಿಂದೆ ಸರಿಸಿದರೋ, "ಅದಕ್ಕ ಮಾತು ಬರಂಗಿಲ್ಲ ಅಂತ ನ್ಯಾಯಾನೂ ಇಲ್ಲೇನಲೇ?"

ಅಣ್ಣನ ಮದುವೆಯಲ್ಲಿ ಹಸಿದ ಮದುಮಗನನ್ನೇ ಪಂಕ್ತಿಯಿಂದ ಎಬ್ಬಿಸಿದ್ದ. "ಮದಿವಿ ನಿಂದು, ಪಂಕ್ತಿ ಎಲ್ಲಾರ್ದು. ನಿನಗಿಂತ ಮೊದಲು ಬಂದೋರು ಅದಾರ, ಏಳು." ಬಾಸಿಂಗ ಕಟ್ಟಿಕೊಂಡೇ ಗೋಡೆಗೆ ಒರಗಿದ ಅಣ್ಣನ ಫೋಟೊ ಇದೆ. ಅಷ್ಟು ದುಃಖದ ಮದುಮಗನನ್ನು ನೀವು ಕಂಡಿರಲಾರಿರಿ.

ಆಮೇಲೆ ಆ ಬಸ್ಸು. ಮಾವ, ನಾನು ಹಡಗಲಿಗೆ ಹೊರಟಿದ್ದೆವು. ಬಸ್ಸು ಹಳ್ಳಕ್ಕೆ ಮಗ್ಗುಲಾಗಿ ಬಿತ್ತು. ಬಾಗಿಲು ಅಡಿಗೆ ಸಿಕ್ಕಿತು. ಉಳಿದದ್ದು ಹಿಂದಿನ ಒಂದು ಒಡೆದ ಕಿಟಕಿ. ಇಂಜಿನ್ನಿನಿಂದ ಸುಂಯ್ ಎಂದು ಹೊಗೆ. ಜನ ಒಬ್ಬರ ಮೇಲೊಬ್ಬರು ಏರತೊಡಗಿದಾಗ ನೀರಿನ ಘಟಕದ ಅದೇ ದನಿ ಕೇಳಿಸಿತು: "ಪಾಳಿ, ಪಾಳಿ. ಹಿಂದಿನ ಸೀಟಿನೋರು ಮೊದಲು ಬರ್ರಿ." ನಂಬುತ್ತೀರಾ? ಜನ ಕೇಳಿದರು. ಒಬ್ಬೊಬ್ಬರನ್ನೇ ಎತ್ತಿ ಹೊರಗೆ ದಾಟಿಸಿದ. ಕೊನೆಗೆ ಇಟ್ಟಿಗಿ ಊರಿನ ಅಜ್ಜಿಯೊಬ್ಬಳು, ಅವಳ ಹಿಂದೆ ನಾನು. ಅಷ್ಟರಲ್ಲಿ ಸೀಟುಗಳಿಗೆ ಬೆಂಕಿ ಹತ್ತಿತು. ಮಾವ ಅಜ್ಜಿಯನ್ನು ಪಕ್ಕಕ್ಕೆ ತಳ್ಳಿ, ನನ್ನನ್ನು ಎತ್ತಿ ಹೊರಗೆಸೆದ.

ಆಮೇಲೆ ಅಜ್ಜಿ, ಆಮೇಲೆ ತಾನು. ಎಲ್ಲರೂ ಬದುಕಿದರು. ಅಜ್ಜಿಯ ಬಲಗೈ ಮಾತ್ರ ಮೊಣಕೈವರೆಗೆ ಸುಟ್ಟಿತು. ಇವತ್ತಿಗೂ ಕುಕ್ಕರ್ ಸೀಟಿ ಹೊಡೆದರೆ ನಾನು ಕಿಟಕಿ ಹುಡುಕುತ್ತೇನೆ.

ಮಾವ ಇಟ್ಟಿಗಿಗೆ ಹೋಗಿ ಅವಳ ಮುಂದೆ ಕುಳಿತ. "ನಿನ್ನ ಪಾಳಿ ಕಸಗೊಂಡೆ, ಯವ್ವಾ."

"ಹುಚ್ಚಪ್ಪ, ಅಕ್ಕನ ಮಗಳನ್ನ ಬಿಟ್ಟು ನನ್ನ ಎತ್ತಿದ್ರ ನೀ ಎಂಥ ಮಾವ? ನನ್ನ ಮೊಮ್ಮಗಳು ಅಲ್ಲಿ ಇದ್ದಿದ್ರ ನಾನೂ ನಿನ್ನ ದೂಡತಿದ್ದೆ."

ಅವಳ ನ್ಯಾಯ ಅಲ್ಲಿಗೆ ಮುಗಿಯಿತು. ಮಾವನದು ಮುಗಿಯಲಿಲ್ಲ. ಈಗ ಅವನು ನೀರಿಗೆ ನಿಲ್ಲುತ್ತಾನೆ, ಪಾಳಿ ಬಂದ ಕೂಡಲೇ ಹಿಂದಿನವರಿಗೆ ಬಿಟ್ಟುಕೊಟ್ಟು ಮತ್ತೆ ಕೊನೆಗೆ ಹೋಗುತ್ತಾನೆ. ಎಷ್ಟೋ ದಿನ ಕ್ಯಾನು ಖಾಲಿಯೇ ಮನೆಗೆ ಬರುತ್ತದೆ.

ನಿನ್ನೆ ಅವನ ಹಿಂದೆ ನಾನು ನಿಂತೆ. ಪಾಳಿ ಬಂತು.

"ನೀ ಮುಂದ ಹೋಗವಾ," ಎಂದ.

"ನಾ ಒಮ್ಮಿ ಹೋಗೇನಿ, ಮಾವ. ಈಗ ನಿಂದು."

ಹಿಂದಿನಿಂದ ಯಾರೋ "ಲಗೂ ಹಿಡೀರಿ" ಎಂದು ಗದರಿದರು. ಮಾವ ಕ್ಯಾನನ್ನು ನಳದ ಕೆಳಗಿಟ್ಟ. ಮುಚ್ಚಳ ನಾನು ತೆಗೆದೆ.