ಸೀಮೆ ಹಸುವಿಗೆ ಕಿಚ್ಚು ಹಾಯಿಸಿದ್ದು

ಸಂಸ್ಕೃತಿ ಉಳಿಸುವ ಹೊಣೆ ಒಬ್ಬ ಎರಡನೇ ದರ್ಜೆ ಗುಮಾಸ್ತನ ಹೆಗಲಿಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯ ಹಸುವೇ ಸಾಕ್ಷಿ. ಅದಕ್ಕೆ ಮಾತು ಬರುವುದಿಲ್ಲ, ನನ್ನ ಪುಣ್ಯ!

ಹೋದ ವರ್ಷ ಸಂಕ್ರಾಂತಿಗೆ ಎರಡು ದಿನ ಮುಂಚೆ, ಶ್ರೀನಿವಾಸಪುರದ ನಮ್ಮ ಕಚೇರಿಯಲ್ಲಿ ಕಾಫಿ ಕುಡಿಯುವಾಗ ಹಬ್ಬದ ಮಾತು ಬಂತು. ಊರುಗಳಲ್ಲಿ ಎತ್ತುಗಳೇ ಇಲ್ಲ, ಎಲ್ಲೆಲ್ಲೂ ಟ್ರ್ಯಾಕ್ಟರು, ಕಿಚ್ಚು ಹಾಯಿಸುವ ಪದ್ಧತಿಯೇ ಹೋಯಿತು ಎಂದು ಎಲ್ಲರೂ ಮರುಗಿದರು. ಉರಿಯುವ ಹುಲ್ಲಿನ ಮೇಲೆ ದನಗಳನ್ನು ಹಾರಿಸಿದರೆ ಮೈಗೆ ಕಚ್ಚಿದ ಉಣ್ಣೆ ಉದುರುತ್ತದೆ, ತಾಗಿದ ದೃಷ್ಟಿ ಕಳೆಯುತ್ತದೆ ಎಂದು ನಾನು ಗಂಭೀರವಾಗಿ ವಿವರಿಸಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಮ್ಮ ಮನೆಯಲ್ಲಿ ಈ ವರ್ಷವೂ ಕಿಚ್ಚು ಹಾಯಿಸುತ್ತೇವೆ, ವಿಡಿಯೊ ಮಾಡಿ ಕಚೇರಿಯ ಗ್ರೂಪಿಗೆ ಹಾಕುತ್ತೇನೆ ಎಂದುಬಿಟ್ಟೆ.

ಗೌನಿಪಲ್ಲಿಗೆ ಹತ್ತಿರದ ನಮ್ಮೂರಿನ ಮನೆಯಲ್ಲಿ ಇರುವುದು ಒಂದೇ ಹಸು. ಅದೂ ಕಪ್ಪು ಬಿಳುಪಿನ ಸೀಮೆ ಹಸು. ಅದು ನನ್ನದೂ ಅಲ್ಲ, ಹೆಂಡತಿ ಸುಜಾತಳದು. ಮೇವು ಹಾಕುವುದು, ಮೈ ತೊಳೆಯುವುದು, ಹಾಲು ಕರೆದು ಡೈರಿಗೆ ಹಾಕುವುದು ಎಲ್ಲವೂ ಅವಳೇ. ಆ ಹಸುವಿಗೂ ನನಗೂ ಇದ್ದ ಪರಿಚಯ ಕಾಫಿ ಲೋಟದ ಮೂಲಕ ಮಾತ್ರ. ನನ್ನ ಯೋಜನೆ ಕೇಳಿ ಅವಳು ಕೈಲಿದ್ದ ಬಕೆಟ್ ಕೆಳಗಿಟ್ಟಳು.

“ಇದು ಎತ್ತಲ್ಲ ಕಣ್ರೀ. ಕುಕ್ಕರ್ ಕೂಗಿದ್ರೆ ಹಾಲು ಬಿಡದೇ ಇರೋ ಹಸು ಇದು. ಸುಮ್ನಿರಿ.”

ನಾನು ನಮ್ಮ ಪೂರ್ವಿಕರ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಪೂರ್ವಿಕರ ಬಳಿ ಸೀಮೆ ಹಸು ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಹಬ್ಬದ ಬೆಳಿಗ್ಗೆ ಎದುರು ಮನೆಯ ನಾರಾಯಣಮ್ಮ ಬಂದರು. ವಯಸ್ಸಾದ ಹೆಂಗಸು, ಸುಜಾತಳಿಗೆ ಹಾಲು ಕರೆಯಲು ಕಲಿಸಿದವರು. ಊರಿನಲ್ಲಿ ಯಾವ ದನಕ್ಕೆ ಕೆಚ್ಚಲು ಬಾತುಕೊಂಡರೂ ಜನ ಮೊದಲು ಅವರ ಮನೆಗೇ ಓಡುತ್ತಿದ್ದರು. ಲೋಳೆಸರ, ಅರಿಶಿನ, ಸುಣ್ಣ ಸೇರಿಸಿ ರುಬ್ಬಿ ಕೊಡುತ್ತಿದ್ದರು, ಕಾಸು ಮುಟ್ಟುತ್ತಿರಲಿಲ್ಲ. ತೊಳೆದು ನಿಲ್ಲಿಸಿದ್ದ ಹಸುವನ್ನು ನೋಡಿ ಅವರು ಸಂತೋಷಪಟ್ಟು, “ಏನ್ ಕೆಚ್ಚಲಮ್ಮ ಸುಜಾತ, ಕೊಡ ಇದ್ದಂಗೈತೆ,” ಎಂದರು. ಹೇಳಿದ ಕೂಡಲೇ ತಾವೇ ಥೂ ಥೂ ಎಂದು ದೃಷ್ಟಿ ತೆಗೆದರು. ಬೆಂಕಿಯ ವಿಷಯ ಗೊತ್ತಾದಾಗ ಅವರೂ ಬೇಡವೆಂದರು. ನಾನು ಅವರಿಗೂ ಪೂರ್ವಿಕರ ಭಾಷಣವನ್ನು ಸಂಕ್ಷಿಪ್ತವಾಗಿ ಕೇಳಿಸಿದೆ.

ಸಂಜೆ ಅಲಂಕಾರ ಶುರುವಾಯಿತು. ಕೊಂಬಿಗೆ ಬಣ್ಣ ಹಚ್ಚೋಣವೆಂದರೆ ಕೊಂಬೇ ಇಲ್ಲ, ಕರುವಾಗಿದ್ದಾಗಲೇ ಸುಟ್ಟಿದ್ದರು. ಆ ಕೊರತೆಯನ್ನು ನಾನು ಬಲೂನುಗಳಿಂದ ತುಂಬಿದೆ. ಕೊರಳ ಹಗ್ಗಕ್ಕೆ ಕೆಂಪು, ಹಳದಿ, ಹಸಿರು, ಒಟ್ಟು ಆರು ಬಲೂನು. ಬೀದಿಯಲ್ಲಿ ಹುಲ್ಲು ಹರಡಿ ಬೆಂಕಿ ಹಚ್ಚಿಸಿದೆ. ಡೈರಿ ಸೆಕ್ರೆಟರಿಯ ಕೈಗೆ ಮೊಬೈಲು ಕೊಟ್ಟೆ. ಹಗ್ಗ ಜಾರಬಾರದೆಂದು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಬೆಂಕಿಯ ಆಚೆ ಬದಿ ನಿಂತು ಎಳೆದೆ. ಹಸು ಈಚೆ ಬದಿಯಲ್ಲಿ ನಿಂತು ನನ್ನನ್ನೇ ನೋಡಿತು. ಹಿಂದಿನಿಂದ ಯಾರೋ ತಳ್ಳಿದರು. ಅದು ಎರಡು ಹೆಜ್ಜೆ ಮುಂದೆ ಬಂತು, ಬೆಂಕಿಯ ಕಾವಿಗೆ ಮೂರು ಬಲೂನು ಒಂದರ ಹಿಂದೊಂದು ಸಿಡಿದವು.

ಹಸು ಹಿಂದಕ್ಕೆ ತಿರುಗಿ ಓಡಿತು. ಹಗ್ಗ ನನ್ನ ಮುಂಗೈಯಲ್ಲಿತ್ತು. ಅಂದು ನಮ್ಮೂರಿನಲ್ಲಿ ಕಿಚ್ಚು ಹಾಯ್ದದ್ದು ನಾನೊಬ್ಬನೇ!

ಹಗ್ಗ ಕೈಯಿಂದ ಬಿಚ್ಚಿಕೊಂಡಿತು, ಪಂಚೆಯ ಅಂಚು ಹೊತ್ತಿಕೊಂಡಿತು, ಯಾರೋ ನೀರೆರಚಿದರು. ಹಸು ನಾರಾಯಣಮ್ಮನ ಮುಳ್ಳುಬೇಲಿಯನ್ನು ಸೀಳಿ ಒಳಗೆ ನುಗ್ಗಿತು. ಅವರು ಹೆದರದೆ ಎರಡೂ ಕೈ ಚಾಚಿ ನಿಂತು, ಮೆಲ್ಲಗೆ ತೆಲುಗಿನಲ್ಲಿ ಏನೇನೋ ಹೇಳುತ್ತಾ ಅದರ ಹಗ್ಗ ಹಿಡಿದರು. ಕೆಚ್ಚಲಿಗೆ ಮುಳ್ಳು ಗೀರಿತ್ತು. ಸುಜಾತ ನನ್ನ ಮುಖ ನೋಡಲಿಲ್ಲ. ವಿಡಿಯೊ ಮಾತ್ರ ಚೆನ್ನಾಗಿ ಬಂದಿತ್ತು, ಸೆಕ್ರೆಟರಿ ಆಗಲೇ ಗ್ರೂಪಿಗೆ ಹಾಕಿದ್ದ.

ಮರುದಿನ ಹಸು ಹಾಲು ಬಿಡಲಿಲ್ಲ. ಅದರ ಮರುದಿನವೂ ಬಿಡಲಿಲ್ಲ. ಸುಜಾತ ಕೊಟ್ಟಿಗೆಯಲ್ಲಿ ಅಳುತ್ತಾ ಕೂತಳು, ಡೈರಿಗೆ ಸುದ್ದಿ ಹೇಳಲು ನಾನು ಹೋದೆ. ಸಾಲಿನಲ್ಲಿ ನಿಂತವರು ಏನಾಯಿತು ಸಾರ್ ಎಂದು ಕೇಳಿದರು. ಎಲ್ಲರ ತುಟಿಯಂಚಿನಲ್ಲೂ ಬಲೂನಿನ ನಗು. ನನಗೆ ಮೈ ಉರಿಯಿತು. ದೃಷ್ಟಿ ತಾಗಿರಬೇಕು ಎಂದೆ. ಯಾರದ್ದು ಎಂದು ಸೆಕ್ರೆಟರಿ ಕೇಳಿದ. ಹೇಳಬಾರದಿತ್ತು. ಹೇಳಿದೆ.

“ಹಬ್ಬದ ಬೆಳಿಗ್ಗೆ ನಾರಾಯಣಮ್ಮ ಬಂದಿದ್ರು. ಕೆಚ್ಚಲು ಕೊಡ ಇದ್ದಂಗೈತೆ ಅಂದ್ರು.”

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ಅದರ ಕೆಟ್ಟತನ. ಸಾಲಿನಲ್ಲಿ ನಗು ನಿಂತಿತು. ನನಗೆ ನೆಮ್ಮದಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಒಮ್ಮೆ ದೃಷ್ಟಿ ಎಂದ ಮೇಲೆ ದೃಷ್ಟಿ ತೆಗೆಯಲೇಬೇಕಲ್ಲ! ಅಂದು ಸಂಜೆ ಕೊಟ್ಟಿಗೆಯಲ್ಲಿ ಕೆಂಡದ ಮೇಲೆ ಉಪ್ಪು, ಒಣಮೆಣಸಿನಕಾಯಿ ಹಾಕಿದೆ. ಘಾಟಿಗೆ ಹಸು ಕೆಮ್ಮಿತು, ಅದರ ಕರು ಕೆಮ್ಮಿತು, ನಾನು ಕೆಮ್ಮುತ್ತಾ ಸಗಣಿಯ ಮೇಲೆ ಕೂತೆ. ಮುಂದಿನ ಕಾರ್ಯಕ್ರಮ ಬೂದುಗುಂಬಳಕಾಯಿ. ಹಸುವಿಗೆ ಮೂರು ಸುತ್ತು ನಿವಾಳಿಸಿ, ಮೂರು ದಾರಿ ಕೂಡುವ ಕಡೆ ಒಡೆಯಬೇಕು. ನಮ್ಮೂರಿನಲ್ಲಿ ಮೂರು ದಾರಿ ಕೂಡುವುದು ನಾರಾಯಣಮ್ಮನ ಬಾಗಿಲ ಮುಂದೆ. ಕಾಯಿ ಎತ್ತಿ ಹಿಡಿದವನು ಒಡೆಯುವುದಕ್ಕೂ, ಅವರು ಬಾಗಿಲು ತೆರೆದು ಈಚೆ ಬರುವುದಕ್ಕೂ ಸರಿಹೋಯಿತು. ಅವರ ಕೈಯಲ್ಲಿ ಬಟ್ಟಲಿತ್ತು. ಹಸುವಿಗೆಂದು ರುಬ್ಬಿದ್ದ ಲೋಳೆಸರದ ಔಷಧಿ.

ಅವರು ಒಡೆದ ಕಾಯಿ ನೋಡಿದರು, ಅದಕ್ಕೆ ಬಳಿದ ಕುಂಕುಮ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಡೈರಿಯ ಮಾತು ಅಷ್ಟರಲ್ಲಾಗಲೇ ಅವರ ಕಿವಿಗೂ ಬಿದ್ದಿತ್ತಂತೆ. ಬಟ್ಟಲನ್ನು ಜಗಲಿಯ ಮೇಲಿಟ್ಟರು.

“ಸುಜಾತಂಗೆ ಕೊಡು ನಾಯನಾ. ಹಸು ಏನ್ ಮಾಡ್ತು, ಪಾಪ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಪಶುವೈದ್ಯರು ಬಂದು ನೋಡಿದರು. ಹೆದರಿಕೆಗೆ ಹಾಲು ಹಿಡಿದಿದೆ, ಮುಳ್ಳಿನ ಗೀರಿಗೆ ಬಾವು ಬಂದಿದೆ ಎಂದು ಇಂಜೆಕ್ಷನ್ ಕೊಟ್ಟರು. ಜಗಲಿಯಿಂದ ತಂದ ಬಟ್ಟಲನ್ನು ಮೂಸಿ ನೋಡಿ, ಇದನ್ನೂ ಹಚ್ಚುತ್ತಿರಿ, ಒಳ್ಳೆಯದು ಎಂದರು. ವಾರದಲ್ಲಿ ಹಸು ಸುಧಾರಿಸಿತು. ಸುಜಾತಳಿಗೆ ಅಷ್ಟರಲ್ಲಿ ಎಲ್ಲವೂ ಗೊತ್ತಾಗಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊರು ಮಾತ್ರ ಸುಧಾರಿಸಲಿಲ್ಲ. ನಾರಾಯಣಮ್ಮ ಬೀದಿಗೆ ಬಂದರೆ ಜನ ಕರುಗಳ ಮೇಲೆ ಗೋಣಿ ಮುಚ್ಚತೊಡಗಿದರು. ಬಾಣಂತಿಯರಿರುವ ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ಔಷಧಿಗೆ ಜನ ಬರುವುದು ನಿಂತಿತು, ಅವರ ರುಬ್ಬುಗುಂಡಿನ ಸದ್ದೂ ನಿಂತಿತು. ನಾನು ತಡೆಯಲಾರದೆ ಒಂದು ದಿನ ಡೈರಿಯ ಸಾಲಿನ ಮುಂದೆ ನಿಂತು, ತಪ್ಪು ನನ್ನದು, ಬಲೂನು ಕಟ್ಟಿ ಹೆದರಿಸಿದವನು ನಾನು, ಆಯಮ್ಮನ ಕಣ್ಣಿನದು ಏನೂ ಇಲ್ಲ ಎಂದು ಸ್ಪಷ್ಟವಾಗಿ ಘೋಷಿಸಿದೆ. ಎಲ್ಲರೂ ಗೌರವದಿಂದ ಕೇಳಿದರು. ಸೆಕ್ರೆಟರಿ ನನ್ನ ಹೆಗಲ ಮೇಲೆ ಕೈಯಿಟ್ಟ.

“ನೀವು ಒಳ್ಳೇವ್ರು ಸಾರ್. ಎದುರು ಮನೆ ಅಂತ ಮುಚ್ಚಿಡ್ತೀರ.”

ಅವತ್ತಿನಿಂದ ಊರಿನಲ್ಲಿ ನನ್ನ ಗೌರವ ಹೆಚ್ಚಿದೆ, ಏನು ಮಾಡುವುದು!

ಈ ಸಂಕ್ರಾಂತಿಗೆ ಎಳ್ಳು ಬೆಲ್ಲದ ತಟ್ಟೆ ಹಿಡಿದು ನಾನೇ ಅವರ ಮನೆಗೆ ಹೋದೆ. ಬಾಗಿಲು ತೆರೆದರು, ಹೊಸಿಲು ದಾಟಲಿಲ್ಲ. ಕ್ಷಮಿಸಿ ಅಕ್ಕ ಎಂದೆ. ಅವರು ನನ್ನ ಹಿಂದಿನ ಬೀದಿಯನ್ನು ನೋಡಿದರು.

“ನೀನು ಬಂದೆ, ಸರಿ. ನಾನು ಎಲ್ಲಿಗೆ ಹೋಗಲಪ್ಪ?”

ತಟ್ಟೆಯನ್ನು ಜಗಲಿಯ ಮೇಲಿಟ್ಟು ಬಂದೆ.

ಹಸು ಮಾತ್ರ ನನ್ನನ್ನು ಮರೆತಿಲ್ಲ. ನನ್ನ ದನಿ ಕೇಳಿದರೆ ಈಗಲೂ ಹಾಲು ಬಿಡುವುದಿಲ್ಲ. ಆದ್ದರಿಂದ ಸುಜಾತ ಕರೆಯುವ ಹೊತ್ತಿಗೆ ನನ್ನನ್ನು ಮನೆಯಿಂದ ಆಚೆ ಹಾಕುತ್ತಾಳೆ. ಕೆಲಸ ಮುಗಿಯುವವರೆಗೆ ನಾನು ಆ ಮೂರು ದಾರಿ ಕೂಡುವಲ್ಲಿ ಕೈಕಟ್ಟಿ ನಿಂತಿರುತ್ತೇನೆ. ಹಬ್ಬದ ಸಂಜೆಯೂ ನಿಂತಿದ್ದೆ. ತನ್ನ ಹಸು ಹಿಡಿದುಕೊಂಡು ಬಂದ ಪರಿಚಯದವನೊಬ್ಬ, ಇಲ್ಲೇಕೆ ನಿಂತಿದ್ದೀರಿ ಸಾರ್ ಎಂದು ಕೇಳಿದ. ಹಾಲು ಕರೆಯುವಾಗ ಕೆಟ್ಟ ದೃಷ್ಟಿಯವರು ಹತ್ತಿರ ಇರಬಾರದು, ಅದಕ್ಕೆ ಎಂದೆ. ಯಾರದು ಕೆಟ್ಟ ದೃಷ್ಟಿ ಎಂದ. ನನ್ನದೇ ಎಂದೆ.

ಅವನು ನಕ್ಕ. ನಾರಾಯಣಮ್ಮನ ಬಾಗಿಲ ಕಡೆ ಒಮ್ಮೆ ನೋಡಿ, ಹಸುವನ್ನು ನನ್ನ ಬದಿಗೆ ಎಳೆದುಕೊಂಡು ಬೇಗ ಬೇಗ ದಾಟಿ ಹೋದ.