ಗೋಪುರದ ಬುಡದಲ್ಲಿ ಬಿಟ್ಟ ಚಪ್ಪಲಿ

ಆ ಗೋಪುರವನ್ನು ಚಪ್ಪಲಿ ಬಿಟ್ಟೇ ಹತ್ತಬೇಕು ಎಂದು ಅವತ್ತು ಅಲ್ಲಿದ್ದವರೆಲ್ಲ ನಂಬಿದ್ದರು. ನಂಬಿಸಿದವನು ನಾನು. ದೇವನಹಳ್ಳಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪುರಾವೆಯಿಲ್ಲದೆ ಯಾವುದನ್ನೂ ಒಪ್ಪದವನು ಎಂಬ ಹೆಸರಿದೆ. ಹೆಂಡತಿ ಮನೆಯವರ ಜೊತೆ ಟೆಂಪೊ ಹತ್ತಿದಾಗಲೆಲ್ಲ ಆ ಹೆಸರಿಗೆ ಏನಾದರೊಂದು ಆಗುತ್ತದೆ.

೧. ಬುಡ

ರಾಷ್ಟ್ರೀಯ ಉದ್ಯಾನದ ನಡುವೆ, ಬೇಟೆಗೆ ಬಂದ ಅರಸರು ಕಾಡು ನೋಡಲೆಂದು ಕಟ್ಟಿಸಿದ ಕಲ್ಲಿನ ಗೋಪುರ. ಮೊದಲ ಮೆಟ್ಟಿಲ ಪಕ್ಕ ಒಂದು ಜೊತೆ ಚಪ್ಪಲಿ ಒಪ್ಪವಾಗಿ ಇಟ್ಟಿತ್ತು. ಅದನ್ನು ನೋಡಿದ್ದೇ ನಮ್ಮವರೆಲ್ಲ ತಮ್ಮದನ್ನೂ ಬಿಟ್ಟರು. ಮಟಮಟ ಮಧ್ಯಾಹ್ನ. ಅತ್ತೆಯ ಹಿಮ್ಮಡಿ ಬೇರೆ ಒಡೆದಿತ್ತು.

"ಅಳಿಯಂದ್ರೆ, ನೀವು ಓದಿರೋರು. ನಾನು ಹಾಕ್ಕಂಡೇ ಹತ್ಲಾ?" ಎಂದರು.

ಗೊತ್ತಿಲ್ಲ ಎನ್ನಬಹುದಿತ್ತು. ಮೆಟ್ಟಿಲು ಸವೆಯದಿರಲೆಂದು ಅರಸರ ಕಾಲದಿಂದ ಬಂದ ನಿಯಮ ಎಂದೆ. ಅತ್ತೆ ಚಪ್ಪಲಿ ಬಿಟ್ಟು, ಮೆಟ್ಟಿಲಿಗೂ ಒಂದು ಸಲ ಕೈಮುಗಿದರು.

೨. ತುದಿ

ಮೇಲೆ ಅರಣ್ಯದ ಗಾರ್ಡ್ ಬರಿಗಾಲಲ್ಲಿ ಕೂತಿದ್ದ. ಪುರಾವೆ ಸಿಕ್ಕಿತು ಎಂದು ಅತ್ತೆಗೆ ಕಣ್ಣಲ್ಲೇ ತೋರಿಸಿದೆ.

ಭಾವಮೈದ ನಮ್ಮ ಕಡೆ ಜಮೀನು ಕೊಡಿಸುವ ಕೆಲಸ ಮಾಡುತ್ತಾನೆ. ಕಾಡನ್ನು ಒಂದು ಸುತ್ತು ನೋಡಿ, ಇದೆಲ್ಲ ಯಾರ ಹೆಸರಲ್ಲಿದೆ ಎಂದು ಗಾರ್ಡನ್ನು ಕೇಳಿದ. ನಾನು ಬೇರೆ ಟೆಂಪೊದಲ್ಲಿ ಬಂದವನಂತೆ ಆಕಾಶ ನೋಡಿದೆ.

"ಆನೆಗಳ ಹೆಸರಲ್ಲಿ ಸಾರ್. ಜಂಟಿ ಖಾತೆ. ಒಂದ್ ಆನೆ ಸೈನ್ ಹಾಕ್ದಿದ್ರೂ ಆಗಲ್ಲ."

ಭಾವಮೈದ ನಗಲಿಲ್ಲ. ಅಂಥ ಕೇಸು ಅವನ ಕೈಯಲ್ಲಿ ಎರಡಿವೆ.

೩. ಮತ್ತೆ ಬುಡ

ಇಳಿಯುವಷ್ಟರಲ್ಲಿ ಅತ್ತೆಯ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಆದರೂ ಕುಂಟುತ್ತ ಹೋಗಿ, ಆಗತಾನೆ ಬಂದ ಬಸ್ಸಿನವರನ್ನು ತಡೆದರು.

"ಚಪ್ಪಲಿ ಬಿಡ್ರಪ್ಪಾ. ನಮ್ಮ ಅಳಿಯಂದ್ರು ಕಾಲೇಜ್ ಮೇಷ್ಟ್ರು, ಅವ್ರೇ ಹೇಳವ್ರೆ."

ಇಡೀ ಬಸ್ಸಿನವರು ಚಪ್ಪಲಿ ಬಿಟ್ಟರು. ಮುದುಕರೊಬ್ಬರು ಮೊಮ್ಮಗಳ ಭುಜ ಹಿಡಿದು ಬೂಟಿನ ದಾರ ಬಿಚ್ಚುತ್ತಿದ್ದರು. ತಡೆಯಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಂದ, ಮೆಟ್ಟಿಲು ಸವೆಯುತ್ತದೆ ಎಂಬುದೇ ಮತ್ತೆ ಬಂತು.

ಅಷ್ಟರಲ್ಲಿ ಗಾರ್ಡ್ ಇಳಿದು ಬಂದ. ರಾಶಿಯೊಳಗೆ ತಡಕಾಡಿ ಆ ಮೊದಲ ಜೊತೆಯನ್ನು ಹೊರಗೆ ತೆಗೆದ. ಬೆರಳಲ್ಲಿ ಒತ್ತಿ ನೋಡಿ ಮೆಟ್ಟಿಕೊಂಡು, ಮತ್ತೆ ಮೆಟ್ಟಿಲು ಹತ್ತತೊಡಗಿದ.

ಹಾಕ್ಕೊಂಡು ಹತ್ತಬಾರದಲ್ವಾ ಎಂದು ಅತ್ತೆ ಗಾಬರಿಯಿಂದ ಕೇಳಿದರು.

"ಯಾರಮ್ಮ ಹೇಳಿದ್ದು? ನಂದು ಕೆಸರಾಗಿತ್ತು. ತೊಳ್ದು ಒಣಗಕ್ಕೆ ಇಟ್ಟಿದ್ದೆ."