ಹಲ್ಲು ನೋಡಿ ತಂದ ಟೀವಿ

ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಮನುಷ್ಯ ಈ ಲೋಕದಲ್ಲಿ ಯಾವುದಕ್ಕೂ ಮೋಸಹೋಗುವುದಿಲ್ಲ ಎಂದು ನಾನು ನಂಬಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ದನದ ಸಂತೆಗಳಲ್ಲಿ ನಾನು ಬಾಲ ಎತ್ತಿ ನೋಡಿ ತಲೆಯಾಡಿಸಿದೆನೆಂದರೆ ವ್ಯಾಪಾರ ಮುಗಿದಂತೆಯೇ. ಇಂಥವನಿಗೆ ಒಂದು ಟೀವಿ ಯಾವ ಲೆಕ್ಕ!

ಟೀವಿ ಬೇಕಾಗಿದ್ದದ್ದು ನನ್ನ ಹೆಂಡತಿ ಗಂಗವ್ವನಿಗೆ. ನಮ್ಮ ಮೊಮ್ಮಗಳು ಶ್ರೀದೇವಿ ಟೀವಿಯ ಹಾಡಿನ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಭಾನುವಾರ ಸಂಜೆ ಅವಳ ಹಾಡು. ನಮ್ಮ ಹಳೆಯ ಡಬ್ಬಿ ಟೀವಿಯಲ್ಲೋ, ಮಂತ್ರಿಗಳಿಂದ ಹಿಡಿದು ಮದುಮಗಳ ತನಕ ಎಲ್ಲರೂ ಹಸಿರು! ಸಾಲದ್ದಕ್ಕೆ ಗಂಗವ್ವನ ಕಣ್ಣೂ ಮಂಜು.

"ಕೂಸಿನ ಮಾರಿ ನಿಚ್ಚಳ ಕಾಣಬೇಕು. ಅಷ್ಟ ಸಾಕ್ ನನಗ," ಎಂದಳು. "ಬಾಜೂ ಮನಿ ಸಂಗಪ್ಪ ತಂದಾನಲ್ಲ, ಅಂಥಾದ್ದ ತರ್ರಿ. ಬೇಕಂದ್ರ ಅವನ್ನೂ ಸಂಗಾಟ ಕರಕೊಂಡ ಹೋಗ್ರಿ."

"ಯಾರು, ಸಂಗಪ್ಪನ್ನ? ಪೆಟಗಿ ಬಿಚ್ಚಿ ಸೈತ ನೋಡದ ಹೊತಗೊಂಡ ಬಂದಾನ ಅಂವ! ಚೀಲದಾಗ ಕಟ್ಟಿದ ಎತ್ತ ತಂದಂಗ!"

ಇದನ್ನು ಮನೆಯಲ್ಲಿ ಹೇಳಿ ಸುಮ್ಮನಾಗಿದ್ದರೆ ಇಂದು ಇಷ್ಟು ನಾಚಿಕೆಪಡಬೇಕಿರಲಿಲ್ಲ. ನಮ್ಮೂರು ಹೂವಿನ ಹಿಪ್ಪರಗಿಯ ಚಹಾದಂಗಡಿಯಲ್ಲಿ, ಸಂಗಪ್ಪನ ಎದುರಿಗೇ ಹೇಳಿ ನಾಲ್ಕು ಜನರನ್ನು ನಗಿಸಿದೆ.

ಬಸವನ ಬಾಗೇವಾಡಿಯ ಅಂಗಡಿಯಲ್ಲಿ ಗೋಡೆಯ ತುಂಬ ಟೀವಿಗಳು. ನಡುವೆ ಒಂದು ದೊಡ್ಡದು. ಅದರಲ್ಲಿ ಅಂಗಡಿಯ ಮಾಲೀಕನೇ ದಪ್ಪ ಮೀಸೆ, ಹಣೆತುಂಬ ವಿಭೂತಿಯೊಂದಿಗೆ ಕೈಮುಗಿದು ನಿಂತು ಗಿರಾಕಿಗಳನ್ನು ಸ್ವಾಗತಿಸುತ್ತಿದ್ದ. ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ನಾನು ಆ ಟೀವಿಯ ಹಿಂದೆ ಬಗ್ಗಿ ನೋಡಿದೆ. ಬೆನ್ನು ಸವರಿದೆ. ಪಕ್ಕೆಗೆ ಎರಡು ಏಟು ತಟ್ಟಿದೆ. ಅಲುಗಲಿಲ್ಲ. ಸಾಧು ಪ್ರಾಣಿ!

"ಇದನ್ನ ಕೊಡ್ರಿ."

"ಅಜ್ಜಾರ, ಅದು ತೋರ್ಸಾಕ ಇಟ್ಟದ್ರಿ," ಎಂದ ಮೀಸೆಯ ಮಾಲೀಕ. "ವರ್ಷಾತು, ಹಗಲೆಲ್ಲಾ ಇದ ಒಂದ ಚಿತ್ರಾ ಹಚ್ಚಿರ್ತೇವಿ. ಪೆಟಗ್ಯಾಗಿಂದು ಹೊಸಾದು ಕೊಡ್ತೇನಿ, ಗ್ಯಾರಂಟಿನೂ ಐತ್ರಿ."

ವ್ಯಾಪಾರಿ ತನ್ನ ಮಾಲನ್ನು ತಾನೇ ಹಳಿಯುತ್ತಿದ್ದಾನೆಂದರೆ ಅದನ್ನು ಬೀಗರಿಗೆ ತೆಗೆದಿಟ್ಟಿದ್ದಾನೆಂದೇ ಅರ್ಥ. ನನಗೆ ಗೊತ್ತಿಲ್ಲವೇ!

"ತಮ್ಮಾ, ಹೊಲದಾಗ ದುಡಿಯೂ ಎತ್ತ ಬಿಟ್ಟು, ಕೊಟಗ್ಯಾಗ ಮಲಗಿದ್ದನ್ನ ಯಾವ ಹುಚ್ಚ ತಗೊಂತಾನ? ವರ್ಷಗಟ್ಲೆ ದುಡದ್ರೂ ದಣದಿಲ್ಲಂದ್ರ ತಳಿ ಚಲೋ ಐತಿ. ಇದ ಬೇಕು."

ನಮ್ಮ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸಬೇಕು. ನಾನು ಹೆಗಲ ಮೇಲಿನ ಟವೆಲ್ ತೆಗೆದು ಮಾಲೀಕನ ಕೈಮೇಲೆ ಹೊದಿಸಿ, ಗಂಭೀರವಾಗಿ ಅವನ ಬೆರಳು ಹಿಡಿದೆ.

"ಏ ಏ, ಏನ್ ಮಾಡಾಕತ್ತೀರಿ ಅಜ್ಜಾರ? ಕಚಗುಳಿ ಆಗ್ತೈತ್ರಿ!"

ಮಿಕ್ಸರ್ ಕೊಳ್ಳಲು ಬಂದಿದ್ದ ಹೆಣ್ಣುಮಗಳೊಬ್ಬಳು ಸೆರಗು ಹೊದ್ದು ಹೊರಗೆ ಹೋದಳು. ಅವಳು ಹೋದದ್ದು ಕಂಡು ಮಾಲೀಕ, "ನೀವ್ ಅಂದಂಗ ಆಗ್ಲಿ, ಮೊದ್ಲ ಬೆರಳ ಬಿಡ್ರಿ!" ಎಂದ. ಗೆದ್ದೆ! ಮೇಲೆ ಉಪದೇಶ ಬೇರೆ ಮಾಡಿದೆ: "ಹಗ್ಗ ಕೈಗೆ ಕೊಟ್ಟ ಮ್ಯಾಲ ತಿರುಗಿ ತಗೊಳ್ಳೂದೂ ಇಲ್ಲ, ಕೊಡೂದೂ ಇಲ್ಲ. ಗಂಡಸರ ಮಾತು."

"ಆಗ್ಲಿರಿ," ಎಂದು ಅವನು ಟವೆಲ್ ಮಡಿಸಿ ಕೊಟ್ಟ.

ಭಾನುವಾರ ಸಂಜೆ ನಮ್ಮ ಪಡಸಾಲೆ ಕಿಕ್ಕಿರಿದಿತ್ತು. ಗಂಗವ್ವನ ತಂಗಿ ಮನಗೂಳಿಯಿಂದ ಬಂದಿದ್ದಳು. ಸಂಗಪ್ಪನನ್ನು ನಾನೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಅವನ ಹೊಟ್ಟೆ ಉರಿಯುವುದನ್ನು ಹತ್ತಿರದಿಂದ ನೋಡಬೇಕಿತ್ತು! ಹಿಂದಿನ ದಿನ ಟೀವಿಯನ್ನು ಗೋಡೆಗೆ ಕಟ್ಟಲು ಬಂದ ಅಂಗಡಿಯವನು, "ಒಮ್ಮೆ ಹಚ್ಚಿ ನೋಡ್ತೀರೇನ್ರಿ?" ಎಂದಿದ್ದ. ಎಲ್ಲರೆದುರೇ ಹಚ್ಚುತ್ತೇನೆಂದು ಕಳಿಸಿಬಿಟ್ಟಿದ್ದೆ.

ಹಚ್ಚಿದೆ. ವಾರ್ತೆ ಓದುವ ಹುಡುಗಿ ಬಂದಳು. ಅವಳಿಗೆ ಮೀಸೆ!

ಬೇರೆ ಚಾನೆಲ್ ಹಾಕಿದೆ. ಕ್ರಿಕೆಟ್ ಮೈದಾನದ ನಡುವೆ ಮಸುಕು ಮಸುಕಾಗಿ ಅಂಗಡಿ ಮಾಲೀಕ ಕೈಮುಗಿದು ನಿಂತಿದ್ದ. ಇನ್ನೊಂದು ಹಾಕಿದೆ. ಕಾಡಿನಲ್ಲಿ ಹುಲಿಯನ್ನೂ ಸ್ವಾಗತಿಸುತ್ತಿದ್ದ.

"ಇಂವ ಯಾಂವ್ರಿ? ಎಲ್ಲಿ ಹೋದ್ರೂ ಬೆನ್ನ ಹತ್ಯಾನಲ್ಲ!" ಎಂದಳು ಗಂಗವ್ವನ ತಂಗಿ.

ಆಗ ತಿಳಿಯಿತು. ನೊಗ ಹೊತ್ತ ಎತ್ತಿನ ಹೆಗಲಿಗೆ ಜಡ್ಡು ಬೀಳುವ ಹಾಗೆ, ವರ್ಷವಿಡೀ ಒಂದೇ ಚಿತ್ರ ಹೊತ್ತ ಪರದೆಗೆ ಅದರ ಗುರುತು ಬಿದ್ದಿತ್ತು. ಅಂಗಡಿಯಲ್ಲಿ ಅದೇ ಚಿತ್ರ ಹಚ್ಚಿದ್ದರಿಂದ ಗುರುತು ಕಾಣಲಿಲ್ಲ. ನೊಗ ಇಳಿಸದೆ ಎತ್ತು ಕೊಂಡ ಮೂರ್ಖ ನಾನು! ಟವೆಲ್ ತೆಗೆದು ಪರದೆ ಒರೆಸತೊಡಗಿದೆ.

"ಕಾಕಾ, ಅಂವ ಒಳಗದಾನ. ಹೊರಗ ಒರಸಿದ್ರ ಹೆಂಗ?" ಎಂದ ಸಂಗಪ್ಪ.

ಅಷ್ಟರಲ್ಲಿ ಶ್ರೀದೇವಿಯ ಹೆಸರು ಕರೆದರು. ಧ್ವನಿ ನಮ್ಮ ಮೊಮ್ಮಗಳದೇ. ಮುಖದ ಮೇಲೆ ಮಾತ್ರ ಮೀಸೆ, ವಿಭೂತಿ. ಗಂಗವ್ವ ಎದ್ದು ಪರದೆಯ ಹತ್ತಿರ ಹೋದಳು. ಚಸ್ಮಾ ಒರೆಸಿ ಹಾಕಿಕೊಂಡಳು. ಮತ್ತೆ ತೆಗೆದು ಒರೆಸಿದಳು.

"ಕೂಸ ಎಲ್ಲೈತ್ರಿ?"

ಸಂಗಪ್ಪ ಎದ್ದು ಗಂಗವ್ವನಿಗೆ ಹೇಳಿದ: "ಚಿಗವ್ವ, ಲಗೂ ನಡಿ. ನಮ್ಮನಿಗೆ ಹೋಗೂಣು."

ಎಲ್ಲರೂ ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಪಡಸಾಲೆಯಲ್ಲಿ ಉಳಿದವರು ಇಬ್ಬರೇ: ನಾನು ಮತ್ತು ಕೈಮುಗಿದ ಮಾಲೀಕ. ಗೋಡೆಯಾಚೆ ಚಪ್ಪಾಳೆ ಕೇಳಿಸಿತು.

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. "ಹೊಸ್ತಲಾ ದಾಟೂದ್ರಾಗ ಹಾಡ ಮುಗೀತು. ಕೂಸು ಕೈಮುಗದು ಒಳಗ ಹೋಗೂದಷ್ಟ ಕಾಣ್ತು." ಚಸ್ಮಾ ತೆಗೆದು ಮಡಿಸುತ್ತ ಹೇಳಿದಳು: "ಊರ ಎತ್ತಿನ ಹಲ್ಲೆಲ್ಲಾ ನೋಡಿದ್ರಿ. ಮನ್ಯಾಗಿನಾಕಿ ಏನ್ ಕೇಳಿದ್ಲು ಅನ್ನೂದು ನೋಡಲಿಲ್ಲ."

ನಾನು ಎದ್ದು ಟೀವಿ ಆರಿಸಿದೆ.

ಶ್ರೀದೇವಿ ಮುಂದಿನ ಸುತ್ತಿಗೆ ಹೋದಳೆಂದು ತಿಳಿದ ಮರುದಿನವೇ ಟೀವಿಯನ್ನು ಗಾಡಿಗೆ ಹೇರಿಕೊಂಡು ಬಾಗೇವಾಡಿಗೆ ಹೋದೆ. ಮಾಲೀಕ ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕ. "ಹಗ್ಗ ಕೈಗೆ ಕೊಟ್ಟ ಮ್ಯಾಲ ತಿರುಗಿ ತಗೊಳ್ಳೂದಿಲ್ಲಲ್ರಿ ಅಜ್ಜಾರ? ಗಂಡಸರ ಮಾತು!"

ನಾನು ಅಂಗಡಿಯ ನಡುವೆ, ಆ ಟೀವಿ ಇದ್ದ ಜಾಗದಲ್ಲೇ, ಎರಡೂ ಕೈ ಜೋಡಿಸಿ ನಿಂತೆ.

ಆಗತಾನೇ ಒಳಗೆ ಬಂದ ಗಿರಾಕಿಯೊಬ್ಬ ನನಗೆ ತಿರುಗಿ ಕೈಮುಗಿದು ಕೇಳಿದ: "ನಮಸ್ಕಾರ್ರಿ. ಫ್ಯಾನ್ ಯಾ ಕಡೆ ಇಟ್ಟೀರಿ?"